ಬೆಳದಿಂಗಳು ಬರೆದರೆ ನೀಲಿ ಹಗಲಾಗುತ್ತಿದೆ, ಎಣ್ಣೆಬಣ್ಣ ಗೊತ್ತಿರುವವರು ದಾರಿ ಹೇಳಿ

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹೊಸಪೇಟೆಯವಳು. ಎಣ್ಣೆಬಣ್ಣ ಶುರು ಮಾಡಿ ನಾಲ್ಕು ವರ್ಷ ಆಯಿತು. ಯಾರ ಹತ್ತಿರವೂ ಕಲಿತಿಲ್ಲ, ಮನೆಯಲ್ಲೇ ಮಾಡುತ್ತಾ ಮಾಡುತ್ತಾ ಕೈ ಕೂತಿದೆ. ಹಗಲಿನ ಚಿತ್ರಗಳು ಪರವಾಗಿಲ್ಲ ಅನ್ನುವ ಹಾಗೆ ಬರುತ್ತವೆ, ರಾತ್ರಿಯದು ಮಾತ್ರ ಹತ್ತುತ್ತಲೇ ಇಲ್ಲ.

ಕಾರ್ತಿಕ ಹುಣ್ಣಿಮೆ ದಿನ ಹಂಪಿಯ ತಳವಾರಘಟ್ಟದ ಹತ್ತಿರ ಹೊಳೆ ದಂಡೆಯಲ್ಲಿ ಕೂತಿದ್ದೆವು. ಎದುರಿಗೆ ಆನೆಗೊಂದಿ ಕಡೆಯ ಬಂಡೆಗಳು, ಅವುಗಳ ಮೇಲೆ ಚಂದ್ರ, ನೀರಿನ ಮೇಲೆ ಬೆಳಕಿನ ಪಟ್ಟಿ. ದಡದಲ್ಲಿ ಎರಡು ತೆಪ್ಪ ಬೋರಲು ಹಾಕಿದ್ದರು. ಯಾರೋ ನಾಲ್ಕು ಹಣತೆ ಹಚ್ಚಿಟ್ಟು ಹೋಗಿದ್ದರು. ಅವತ್ತು ಮನಸ್ಸಿಗೆ ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದವಳೇ 18×24 ಇಂಚಿನ ಕ್ಯಾನ್ವಾಸ್ ತೆಗೆದುಕೊಂಡು ಕೂತೆ. ಮೊಬೈಲಿನಲ್ಲಿ ನೈಟ್ ಮೋಡ್ ಹಾಕಿ ತೆಗೆದ ಫೋಟೋ ಇತ್ತು, ಅದನ್ನೇ ನೋಡಿಕೊಂಡು ಬರೆದೆ.

ಮೂರು ವಾರ ಕೂತು ಮುಗಿಸಿದ ಮೇಲೆ ನಮ್ಮಮ್ಮ ನೋಡಿ, "ಇದು ಮಳೆ ಬರೋಕೆ ಮುಂಚಿನ ಸಂಜೆಯಾ?" ಅಂತ ಕೇಳಿದರು. ಅವರು ಬೇಕಂತ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ಕಾಣುತ್ತಿದೆ. ಎಲ್ಲಾ ನೀಲಿ ನೀಲಿ. ಚಂದ್ರ ಅಂಟಿಸಿದ ಸ್ಟಿಕ್ಕರ್ ತರ ಇದ್ದಾನೆ. ಇನ್ನೊಂದು ತೊಂದರೆ ಏನಂದರೆ, ಬಂಡೆಯ ಕಪ್ಪು ಭಾಗ ಹಚ್ಚುವಾಗ ಚೆನ್ನಾಗಿ ಆಳವಾಗಿ ಕಾಣುತ್ತಿತ್ತು, ಒಣಗಿದ ಮೇಲೆ ಅಲ್ಲಲ್ಲಿ ಬೂದಿ ಬಳಿದ ಹಾಗೆ ಮಂಕಾಗಿದೆ, ಅಲ್ಲಲ್ಲಿ ಹೊಳೆಯುತ್ತಿದೆ. ಬಳಸಿದ್ದು ಪ್ರಷ್ಯನ್ ಬ್ಲೂ, ಅಲ್ಟ್ರಾಮರೀನ್ ಅನ್ನುವ ಎರಡು ನೀಲಿ, ಬರ್ನ್ಟ್ ಅಂಬರ್ ಅನ್ನುವ ಕಡು ಕಂದು, ಟೈಟೇನಿಯಂ ವೈಟ್. ಕಪ್ಪು ಬಳಸಬಾರದು ಅಂತ ಎಲ್ಲೋ ಓದಿದ್ದೆ, ಅದಕ್ಕೆ ಮುಟ್ಟಲಿಲ್ಲ. ಚಿತ್ರದ ಫೋಟೋ ಹಾಕಿದ್ದೇನೆ. ಇದನ್ನೇ ಸರಿಮಾಡಬಹುದಾ ಅಥವಾ ಹೊಸದಾಗಿ ಶುರು ಮಾಡಬೇಕಾ, ದಯವಿಟ್ಟು ನೇರವಾಗಿ ಹೇಳಿ.


ಅಗಸೆಎಣ್ಣೆ:

ಮೇಡಂ, ಚಿತ್ರ ದೊಡ್ಡದು ಮಾಡಿ ನೋಡಿದೆ. ಬಂಡೆಗಳ ಆಕಾರ, ತೆಪ್ಪದ ಬಾಗು ತುಂಬಾ ಚೆನ್ನಾಗಿ ಹಿಡಿದಿದ್ದೀರಿ. ಬಣ್ಣದ ಮಾತು ಆಮೇಲೆ. ಮೊದಲು ಬೆಳಕಿನ ಲೆಕ್ಕ ತಪ್ಪಿದೆ.

ಚಂದ್ರ ಬಂಡೆಗಳ ಹಿಂದೆ ಇದ್ದಾನೆ. ಅಂದರೆ ಬೆಳಕು ಆ ಕಡೆಯಿಂದ ನಿಮ್ಮ ಕಡೆಗೆ ಬರುತ್ತಿದೆ. ಹಾಗಿದ್ದಾಗ ನಿಮಗೆ ಕಾಣುವ ಬಂಡೆಯ ಮುಖ ಪೂರ್ತಿ ನೆರಳು. ನೀವು ಅದರಲ್ಲಿ ಬಿರುಕು, ಕಲೆ, ಉಬ್ಬು ತಗ್ಗು ಎಲ್ಲಾ ತೋರಿಸಿದ್ದೀರಿ, ಎಡಗಡೆಯಿಂದ ಬೆಳಕು ಬಿದ್ದ ಹಾಗೆ. ಅಮ್ಮನಿಗೆ ಸಂಜೆ ಅನ್ನಿಸಿದ್ದು ಇದಕ್ಕೇ. ಬಂಡೆಯ ತಲೆಯ ಅಂಚಿನಲ್ಲಿ ಒಂದು ಸಣ್ಣ ಬೆಳಕಿನ ಗೆರೆ ಬರಬಹುದು, ಅದೂ ಅಲ್ಲಲ್ಲಿ. ಉಳಿದದ್ದೆಲ್ಲ ಒಂದೇ ಕತ್ತಲ ಮುದ್ದೆ ಆಗಬೇಕು.

ನೀರಿನ ಮೇಲಿನ ಬೆಳಕಿನ ಪಟ್ಟಿಯನ್ನು ಹೊಳೆ ತಿರುಗಿದ ಕಡೆಗೆ ತಿರುಗಿಸಿದ್ದೀರಿ. ಅದು ಹಾಗೆ ಹೋಗುವುದಿಲ್ಲ. ಹೊಳೆ ಯಾವ ಕಡೆಗಾದರೂ ಹರಿಯಲಿ, ಬೆಳಕು ಚಂದ್ರನ ನೇರ ಕೆಳಗೆ, ತೂಗುಗುಂಡು ಇಳಿಬಿಟ್ಟ ಹಾಗೆ, ನೋಡುವವನ ಕಡೆಗೇ ಬರುತ್ತದೆ. ದಡದಲ್ಲಿ ನಡೆಯುತ್ತಾ ಹೋದರೆ ಅದೂ ನಮ್ಮ ಜೊತೆಗೇ ಬರುತ್ತದೆ ಅಲ್ವಾ. ಇನ್ನೊಂದು, ನೀವು ಅದನ್ನು ಮೇಲಿನಿಂದ ಕೆಳಗೆ ಎಳೆದಿದ್ದೀರಿ, ಬಿಳಿ ಲಂಗದ ಹಾಗೆ ಇದೆ. ಅಡ್ಡಡ್ಡ ಚಿಕ್ಕ ಚಿಕ್ಕ ಗೆರೆಗಳಲ್ಲಿ ಕಟ್ಟಿ. ದೂರದಲ್ಲಿ ಸಣ್ಣ, ಒತ್ತೊತ್ತಾಗಿ. ಹತ್ತಿರ ಬರುತ್ತಾ ಅಗಲ, ಬಿಡಿಬಿಡಿ, ನಡುವೆ ಕಪ್ಪು ನೀರು ಕಾಣಬೇಕು.

ಈಗ ಮುಖ್ಯ ವಿಷಯ. ಟ್ಯೂಬಿನಲ್ಲಿರುವ ಅತಿ ಬಿಳಿ ಬಣ್ಣಕ್ಕೂ ಅತಿ ಕಪ್ಪಿಗೂ ಬೆಳಕಿನಲ್ಲಿ ಇರುವ ವ್ಯತ್ಯಾಸ ಸುಮಾರು 30 ಪಟ್ಟು ಅಷ್ಟೇ. ನಿಜವಾದ ರಾತ್ರಿಯಲ್ಲಿ ಚಂದ್ರನ ಮುಖಕ್ಕೂ ಬಂಡೆ ನೆರಳಿಗೂ ಇರುವ ವ್ಯತ್ಯಾಸ ಸಾವಿರಗಟ್ಟಲೆ. ಆದ್ದರಿಂದ ನಮ್ಮ ಕೈಯಲ್ಲಿ ಇರುವ ಈ ಪುಟ್ಟ ಬಂಡವಾಳವನ್ನು ತುಂಬಾ ಜಿಪುಣತನದಿಂದ ಖರ್ಚು ಮಾಡಬೇಕು. 0 ಅಂದರೆ ಕಪ್ಪು, 10 ಅಂದರೆ ಬಿಳಿ ಅಂತ ಇಟ್ಟುಕೊಳ್ಳಿ. ನಿಮ್ಮ ಆಕಾಶ ಈಗ 5–6ರಲ್ಲಿದೆ. ಅದನ್ನು 3ಕ್ಕೆ ಇಳಿಸಿ, ಚಂದ್ರನ ಸುತ್ತ 4. ನೀರೂ 3ರ ಹತ್ತಿರ. ಬಂಡೆ 1ರಿಂದ 2, ತೆಪ್ಪ 1. ಬೆಳಕಿನ ಪಟ್ಟಿಗೆ 6–7 ಸಾಕು, ಅದರಲ್ಲಿ ನಾಲ್ಕೈದು ಚುಕ್ಕೆ ಮಾತ್ರ 8. 9ರ ಮೇಲಿನದ್ದು ಚಂದ್ರನಿಗೊಬ್ಬನಿಗೇ ಮೀಸಲು. ನೀವು ಹಣತೆಗೂ ಬಿಳಿ, ಮೋಡದ ಅಂಚಿಗೂ ಬಿಳಿ, ತೆಪ್ಪದ ಅಂಚಿಗೂ ಬಿಳಿ ಹಂಚಿಬಿಟ್ಟಿದ್ದೀರಿ, ಚಂದ್ರನಿಗೆ ಉಳಿದೇ ಇಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ, ಎಸ್.ಎಲ್. ಹಲ್ದಣಕರ್ ಅವರದ್ದು. ತುಂಬಾ ಜನ ಅದನ್ನು ರವಿವರ್ಮ ಬರೆದದ್ದು ಅಂದುಕೊಳ್ಳುತ್ತಾರೆ, ಎಣ್ಣೆಬಣ್ಣ ಅಂತಲೂ ಅಂದುಕೊಳ್ಳುತ್ತಾರೆ. ಅದು ಜಲವರ್ಣ. ಅವಳ ಬೆರಳುಗಳ ಮಧ್ಯೆ ಬೆಳಕು ಉರಿಯುತ್ತಿರುವ ಹಾಗೆ ಕಾಣುವುದು ಅಲ್ಲಿ ಏನೋ ವಿಶೇಷ ಬಣ್ಣ ಇದೆ ಅಂತಲ್ಲ, ಸುತ್ತ ಎಲ್ಲವನ್ನೂ ಅವರು ಕೆಳಗಿಳಿಸಿದ್ದಾರೆ. ನಾನು ಮೈಸೂರಿನಲ್ಲಿ ಓದುವಾಗ ವಾರಕ್ಕೊಮ್ಮೆ ಹೋಗಿ ಅದರ ಎದುರು ನಿಲ್ಲುತ್ತಿದ್ದೆ, ಅಲ್ಲಿ ಕಲಿತದ್ದು ಈಗಲೂ ಕೈಯಲ್ಲಿದೆ.

ಚಂದ್ರನ ಗಾತ್ರವೂ ಜಾಸ್ತಿ ಆಯಿತು. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಅರ್ಧ ಬೆರಳಿಗೆ ಮುಚ್ಚಿಹೋಗುತ್ತಾನೆ. ನಿಮ್ಮ ಚಿತ್ರದಲ್ಲಿ ಸುಮಾರು 40 ಡಿಗ್ರಿ ಅಗಲದ ನೋಟ ಇದೆ ಅಂದುಕೊಂಡರೆ 24 ಇಂಚಿನಲ್ಲಿ ಚಂದ್ರ 7–8 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. ನೀವು ರೂಪಾಯಿ ನಾಣ್ಯದಷ್ಟು ಬರೆದಿದ್ದೀರಿ. ಕಣ್ಣಿಗೆ ಚಂದ್ರ ದೊಡ್ಡದಾಗಿ ಅನ್ನಿಸುವುದು ನಿಜ, ಅದಕ್ಕೆ ಸ್ವಲ್ಪ ದೊಡ್ಡದು ಮಾಡಿದರೆ ತಪ್ಪಿಲ್ಲ. ಕಡಲೆಕಾಳಿನಿಂದ ನೆಲ್ಲಿಕಾಯಿಗೆ ಹೋಗಬೇಡಿ ಅಷ್ಟೇ.

ಹೊಸದಾಗಿ ಶುರು ಮಾಡಿ. ಈ ಕ್ಯಾನ್ವಾಸ್ ಪಕ್ಕಕ್ಕೆ ಇಟ್ಟುಕೊಳ್ಳಿ, ಹೋಲಿಸಿ ನೋಡಲು ಬೇಕಾಗುತ್ತದೆ.


ದಾಸವಾಳ:

ನಾನು ಚಿತ್ರ ಬರೆಯುವವನಲ್ಲ, ನೋಡುವವನು. ಧಾರವಾಡದಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಈಗ ನಿವೃತ್ತ. ನೀಲಿ ಯಾಕೆ ಅನ್ನುವುದರ ಬಗ್ಗೆ ಎರಡು ಮಾತು.

ಚಂದ್ರನ ಬೆಳಕು ನೀಲಿ ಅಲ್ಲವೇ ಅಲ್ಲ. ಸೂರ್ಯನ ಬೆಳಕೇ ಚಂದ್ರನ ಮಣ್ಣಿಗೆ ಬಡಿದು ಬರುತ್ತದೆ, ಆ ಮಣ್ಣು ಕಪ್ಪು ಬೂದು, ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 12 ಭಾಗ ಮಾತ್ರ ಹಿಂದೆ ಕಳಿಸುತ್ತದೆ. ಅಳೆದು ನೋಡಿದರೆ ಆ ಬೆಳಕು ಬಿಸಿಲಿಗಿಂತ ಒಂದು ಕೂದಲೆಳೆ ಕೆಂಪಿನ ಕಡೆಗೇ ಇದೆ. ಆದರೆ ಹುಣ್ಣಿಮೆ ಚಂದ್ರನೂ ಸೂರ್ಯನಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಅಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ಗುರುತಿಸುವ ಕಣ್ಣಿನ ಶಂಕುಗಳು ಹೆಚ್ಚುಕಡಿಮೆ ಮಲಗಿಬಿಡುತ್ತವೆ, ಕೋಲಿನಾಕಾರದ ಕೋಶಗಳು ಎದ್ದು ಕೂರುತ್ತವೆ. ಇವಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಹಸಿರು‑ನೀಲಿ ಕಡೆಯ ಬೆಳಕಿಗೆ ಚುರುಕು, ಕೆಂಪಿಗೆ ಹೆಚ್ಚುಕಡಿಮೆ ಕುರುಡು.

ಸುಮ್ನೆ ಹೇಳುತ್ತಿಲ್ಲ, ನೀವೇ ನೋಡಬಹುದು. ಸಂಜೆ ಹಿತ್ತಲಲ್ಲಿ ಕೆಂಪು ದಾಸವಾಳದ ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ, ಲೈಟ್ ಹಾಕಬೇಡಿ, ಮೊಬೈಲ್ ನೋಡಬೇಡಿ. ಐದೂವರೆಗೆ ಹೂವು ಉರಿಯುತ್ತಿರುತ್ತದೆ, ಎಲೆ ಅದರ ಮುಂದೆ ಮಂಕು. ಕತ್ತಲಾಗುತ್ತಾ ಹೋದ ಹಾಗೆ ಎಲೆ ತಿಳಿಯಾಗುತ್ತದೆ, ಹೂವು ಕಪ್ಪಗಾಗುತ್ತದೆ. ಏಳೂವರೆಗೆ ಎಲೆಗಳ ನಡುವೆ ಕಪ್ಪು ತೂತುಗಳ ಹಾಗೆ ಹೂಗಳು ಕಾಣುತ್ತವೆ. ಇದನ್ನು 19ನೇ ಶತಮಾನದ ಮೊದಲ ಭಾಗದಲ್ಲಿ ಚೆಕ್ ನಾಡಿನ ವಿಜ್ಞಾನಿ ಪುರ್ಕಿನ್ಯೆ ಗಮನಿಸಿ ಬರೆದಿಟ್ಟರು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಈ ಕೋಲು ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಅದಕ್ಕೇ ರಾತ್ರಿ ಯಾವುದನ್ನಾದರೂ ನೇರ ದಿಟ್ಟಿಸಿದರೆ ಅದು ಕರಗಿಹೋದ ಹಾಗೆ ಆಗುತ್ತದೆ, ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಬಂಡೆಯ ಬಿರುಕು, ಎಲೆಯ ಅಂಚು, ಇವೆಲ್ಲ ಬೆಳದಿಂಗಳಲ್ಲಿ ಕಾಣುವ ಸಂಗತಿಗಳೇ ಅಲ್ಲ.

ಇನ್ನೊಂದು ಮಾತು, ವಿಜ್ಞಾನದ್ದಲ್ಲ. ಬೆಳದಿಂಗಳು ಅಂದರೆ ಬೆಳ್ ಮತ್ತು ತಿಂಗಳ್, ಬಿಳಿಯ ಚಂದ್ರ. ನಮ್ಮ ಹಳ್ಳಿಯಲ್ಲಿ ಹಾಲು ಚೆಲ್ಲಿದ ಹಾಗೆ ಬೆಳದಿಂಗಳು ಅನ್ನುತ್ತಿದ್ದರು, ನೀಲಿ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಕರೆಂಟು ಇಲ್ಲದ ಅಂಗಳದಲ್ಲಿ ಮಲಗಿ ಬೆಳೆದವರು ಅವರು, ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ನೀಲಿ ನಮಗೆ ಸಿನಿಮಾದಿಂದ ಬಂದಿರಬೇಕು, ಹಗಲಲ್ಲಿ ಶೂಟಿಂಗ್ ಮಾಡಿ ನೀಲಿ ಹಾಕಿ ರಾತ್ರಿ ಅನ್ನುತ್ತಿದ್ದರಲ್ಲ.


ಹೊಳೆದಂಡೆ:

ಸರ್, ಈ ದಾಸವಾಳದ ಮಾತು ಓದಿ ನಿನ್ನೆ ಸಂಜೆ ತಾರಸಿಯ ಮೇಲೆ ಕೂತೆ. ನಮ್ಮ ಕುಂಡದಲ್ಲಿ ಇರುವುದು ಕೆಂಪು ಕಣಗಲೆ. ಹೂವು ನಿಜವಾಗಿಯೂ ಕಪ್ಪಾಯಿತು! ಇಷ್ಟು ವರ್ಷ ಅದೇ ತಾರಸಿಯಲ್ಲಿ ಬಟ್ಟೆ ಒಣಗಿಸಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಅಗಸೆಎಣ್ಣೆ ಸರ್, ಬೆಳಕಿನ ಪಟ್ಟಿ ಓರೆಯಾದರೆ ತಪ್ಪು ಅಂತ ನನಗೆ ಹೊಳೆದೇ ಇರಲಿಲ್ಲ. ಫೋಟೋದಲ್ಲಿ ನೇರವಾಗೇ ಇದೆ, ನಾನೇ ಚೆಂದಕ್ಕೆ ಬಾಗಿಸಿದ್ದು. ಸರಿ, ಹೊಸದಾಗಿ ಶುರು ಮಾಡುತ್ತೇನೆ. ಹಾಗಾದರೆ ಕಪ್ಪು ಬಳಸಬಹುದಾ? ಮತ್ತೆ ಆ ಮಂಕು ಕಲೆಗಳ ವಿಷಯ ಯಾರೂ ಹೇಳಲಿಲ್ಲ.


ಮಲೆನಾಡ ಕುಂಚ:

ಮಂಕು ಕಲೆ ನಾನು ಹೇಳುತ್ತೇನೆ ಅಕ್ಕಾ, ಅದರಲ್ಲಿ ನನಗೆ ಸಾಕಷ್ಟು ಪೆಟ್ಟು ಬಿದ್ದಿದೆ.

ಎಣ್ಣೆ ಕೆಳಗಿನ ಪದರಕ್ಕೆ ಇಂಗಿಹೋದರೆ ಹಾಗಾಗುತ್ತದೆ. ರೆಡಿಮೇಡ್ ಕ್ಯಾನ್ವಾಸಿಗೆ ಬಳಿದಿರುವ ಜೆಸ್ಸೊ ಅನ್ನುವ ಬಿಳಿ ತಳಪದರ ಜಾಸ್ತಿ ಹೀರಿಕೊಳ್ಳುತ್ತದೆ, ಅದರ ಮೇಲೆ ಟರ್ಪೆಂಟೈನ್ ಜಾಸ್ತಿ ಹಾಕಿ ತೆಳ್ಳಗೆ ಮಾಡಿದ ಅಂಬರ್ ಹಚ್ಚಿದರೆ ಎಣ್ಣೆ ಎಲ್ಲಾ ಒಳಗೆ ಹೋಗಿ ಬರೀ ಪುಡಿ ಮೇಲೆ ಉಳಿಯುತ್ತದೆ. ಹಗಲಿನ ಚಿತ್ರದಲ್ಲಿ ಇದು ಅಷ್ಟು ಕಾಣುವುದಿಲ್ಲ, ರಾತ್ರಿ ಚಿತ್ರದಲ್ಲಿ ಮುಕ್ಕಾಲು ಪಾಲು ಕಪ್ಪೇ ಇರುವುದರಿಂದ ಚಿತ್ರವನ್ನೇ ಹಾಳುಮಾಡುತ್ತದೆ. ಮಂಕಾದ ಕಪ್ಪು ಬೂದಿಯಾಗಿ ಕಾಣುತ್ತದೆ, ಅದನ್ನು ನೋಡಿ ನೀವು ಇನ್ನಷ್ಟು ಕಪ್ಪು ಹಚ್ಚುತ್ತೀರಿ, ಕೊನೆಗೆ ಯಾವುದು ಎಷ್ಟು ಕಪ್ಪು ಅಂತಲೇ ಗೊತ್ತಾಗುವುದಿಲ್ಲ.

ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಸೇರಿಸಿ, ಹಳೇ ಕಾಟನ್ ಬಟ್ಟೆಯಲ್ಲಿ ಒಂದು ಹನಿ ತೆಗೆದುಕೊಂಡು ಆ ಭಾಗಕ್ಕೆ ಉಜ್ಜಿ. ಎರಡು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಿರಿ, ಮೇಲೆ ಎಣ್ಣೆ ನಿಲ್ಲಬಾರದು, ನಿಂತರೆ ಹಳದಿ ಆಗುತ್ತದೆ. ಕಪ್ಪು ತಕ್ಷಣ ಹಿಂದೆ ಬರುತ್ತದೆ. ಪ್ರತಿ ಸಲ ಮುಂದಿನ ಪದರ ಶುರು ಮಾಡುವ ಮುಂಚೆ ನಾನು ಹೀಗೆ ಮಾಡಿಕೊಂಡೇ ಕೂರುತ್ತೇನೆ. ಕೊನೆಯ ವಾರ್ನಿಷ್ ಮಾತ್ರ ಆರು ತಿಂಗಳಿಂದ ಒಂದು ವರ್ಷ ಬಿಟ್ಟು.

ಆ ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊರಗೆ ಬಿಡುತ್ತದೆ. ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ಮುಚ್ಚಿ.

ಇನ್ನು ಕಪ್ಪು. ನಾನು ತೀರ್ಥಹಳ್ಳಿ ಕಡೆಯವನು. ಆರು ವರ್ಷದ ಹಿಂದೆ ನಮ್ಮ ಊರಿನ ಅಡಿಕೆ ತೋಟದ ಬೆಳದಿಂಗಳು ಬರೆದಿದ್ದೆ, ಮರಗಳಿಗೆಲ್ಲ ದಪ್ಪಗೆ ಐವರಿ ಬ್ಲ್ಯಾಕ್. ಅದು ತುಂಬಾ ನಿಧಾನ ಒಣಗುವ ಬಣ್ಣ, ಮಳೆಗಾಲದ ಥಂಡಿಗೆ ಒಣಗಲೇ ಇಲ್ಲ. ನನಗೆ ತಾಳ್ಮೆ ಇಲ್ಲದೆ ಅದರ ಮೇಲೆ ತೆಳ್ಳಗಿನ ಅಂಬರ್ ಹಚ್ಚಿದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಬೇಗ ಒಣಗುತ್ತದೆ. ಮೇಲಿನದ್ದು ಒಣಗಿ ಗಟ್ಟಿಯಾಯಿತು, ಕೆಳಗಿನದ್ದು ಇನ್ನೂ ಮೆತ್ತಗೆ ಅಲುಗಾಡುತ್ತಿತ್ತು. ಎರಡು ವರ್ಷದಲ್ಲಿ ಇಡೀ ತೋಟ ಬೇಸಿಗೆಯ ಕೆರೆ ತಳದ ಹಾಗೆ ಬಿರುಕು ಬಿಟ್ಟಿತು. ಅಪ್ಪ ಇದ್ದಾಗ ಅವರ ಜೊತೆ ತೋಟದಲ್ಲಿ ಕೂತು ನೋಡಿ ಬರೆದ ಚಿತ್ರ ಅದು, ಈಗಲೂ ಅದನ್ನು ನೋಡಿದರೆ ಬೇಜಾರಾಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ, ಐವರಿ ಬ್ಲ್ಯಾಕ್ ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಸೇರಿಸಿದರೆ ಒಳ್ಳೆಯ ಕಪ್ಪು ಬರುತ್ತದೆ, ತಣ್ಣಗೆ ಬೇಕಾದರೆ ನೀಲಿ ಸ್ವಲ್ಪ ಜಾಸ್ತಿ, ಬೆಚ್ಚಗೆ ಬೇಕಾದರೆ ಕಂದು ಜಾಸ್ತಿ.


ಅಗಸೆಎಣ್ಣೆ:

ಬಿರುಕಿನ ವಿಷಯ ಪೂರ್ತಿ ಒಪ್ಪುತ್ತೇನೆ, ಕಪ್ಪೇ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ತಪ್ಪು ಕಪ್ಪಿನದ್ದಲ್ಲ, ದಪ್ಪ ಹಚ್ಚಿದ್ದರದ್ದು ಮತ್ತು ಅವಸರದ್ದು. ಕೆಳಗೆ ತೆಳು, ಮೇಲೆ ಹೋಗುತ್ತಾ ಎಣ್ಣೆ ಜಾಸ್ತಿ, ಈ ನಿಯಮ ಹಗಲಿನ ಚಿತ್ರದಲ್ಲಿ ಸ್ವಲ್ಪ ಮೀರಿದರೂ ನಡೆದುಹೋಗಬಹುದು, ಕತ್ತಲಿನಲ್ಲಿ ಮೀರಬಾರದು.

ಐವರಿ ಬ್ಲ್ಯಾಕ್‌ಗೆ ಬಿಳಿ ಸೇರಿಸಿ ನೋಡಿ, ಬೂದು ಬರುತ್ತದೆ. ಅದನ್ನು ಬರ್ನ್ಟ್ ಸಿಯೆನಾ ಅನ್ನುವ ಕೆಂಪು ಕಂದು ಬಳಿದ ಕ್ಯಾನ್ವಾಸಿನ ಮೇಲೆ ಇಟ್ಟು ನೋಡಿ, ನೀಲಿಯಾಗಿ ಕಾಣುತ್ತದೆ! ಟ್ಯೂಬಿನ ನೀಲಿ ಒಂದು ಹನಿ ಹಾಕಿರುವುದಿಲ್ಲ. ದಾಸವಾಳ ಸರ್ ಹೇಳಿದ ಹಾಲಿನ ಬೆಳದಿಂಗಳು ನನಗೆ ಸಿಕ್ಕಿದ್ದು ಹೀಗೆ. ಅದಕ್ಕೆ ಚೂರು ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ ಸೇರಿದರೆ ಹಸಿರು ಛಾಯೆ ಬರುತ್ತದೆ, ಬೆಳದಿಂಗಳಿಗೆ ಅದು ನೀಲಿಗಿಂತ ಹತ್ತಿರ.

ನಾನು ಮಾಡುವ ಕ್ರಮ ಹೇಳುತ್ತೇನೆ. ಇಡೀ ಕ್ಯಾನ್ವಾಸಿಗೆ ಬರ್ನ್ಟ್ ಸಿಯೆನಾವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಉಜ್ಜಿ ಒಣಗಲು ಬಿಡುತ್ತೇನೆ. ಮಾರನೇ ದಿನ ಅಂಬರ್ ಮತ್ತು ಅಲ್ಟ್ರಾಮರೀನ್ ತೆಳ್ಳಗೆ ಎಲ್ಲಾ ಕಡೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ ಒರೆಸಿ ಬೆಳಕನ್ನು ಹೊರಗೆ ತರುತ್ತೇನೆ. ಚಂದ್ರನ ಸುತ್ತ ಒರೆಸುತ್ತೇನೆ, ನೀರಿನ ಪಟ್ಟಿಯಲ್ಲಿ ಒರೆಸುತ್ತೇನೆ, ಉಳಿದದ್ದು ಹಾಗೇ. ಈ ಹಂತದಲ್ಲೇ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ರಾತ್ರಿ ಅನ್ನಿಸಬೇಕು. ಅನ್ನಿಸದಿದ್ದರೆ ಮುಂದೆ ಹೋಗುವುದಿಲ್ಲ, ಪೂರ್ತಿ ಒರೆಸಿಬಿಡುತ್ತೇನೆ. ಇದು ಒಣಗಿದ ಮೇಲೆ ಆಕಾಶಕ್ಕೆ ಬೂದು, ದಪ್ಪ ಬ್ರಷ್‌ನಲ್ಲಿ, ಚಂದ್ರನ ಹತ್ತಿರದಿಂದ ಹೊರಗೆ ಹೋಗುತ್ತಾ ಕಪ್ಪಾಗುವ ಹಾಗೆ. ಮೂಲೆಗಳು ಅತಿ ಕಪ್ಪು. ಚಂದ್ರನ ಸುತ್ತ ಉಂಗುರ ಬರೆಯಬೇಡಿ, ಬೆಳಕು ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ನೆರಳುಗಳು ಯಾವಾಗಲೂ ತೆಳ್ಳಗೆ, ಕೆಳಗಿನ ಕಂದು ಸ್ವಲ್ಪ ಉಸಿರಾಡಬೇಕು. ಕತ್ತಲಿಗೆ ಬಿಳಿ ಬೆರೆಸಿದರೆ ಸುಣ್ಣದ ಗೋಡೆ ಆಗುತ್ತದೆ. ದಪ್ಪ ಬಣ್ಣ ಚಂದ್ರನಿಗೆ ಮತ್ತು ನೀರಿನ ಆ ನಾಲ್ಕೈದು ಚುಕ್ಕೆಗೆ ಮಾತ್ರ.

ಹೊಳೆಯ ಮೇಲಿನ ಮಂಜು ಬೇಕಾದರೆ ಒಣಗಿದ ಕತ್ತಲಿನ ಮೇಲೆ ಒಣ ಬ್ರಷ್‌ನಲ್ಲಿ ತೆಳ್ಳಗೆ ಬೂದು ಉಜ್ಜಿ, ಅದು ತಾನಾಗೇ ನೀಲಿ ಕಾಣುತ್ತದೆ. ಬಚ್ಚಲ ಒಲೆಯ ಹೊಗೆ ಹಿಂದಿನ ಕಪ್ಪು ಮರದ ಎದುರು ನೀಲಿಯಾಗಿ ಕಾಣುತ್ತದಲ್ಲ, ಅದೇ ಕಾರಣ.

ಚಂದ್ರ ಕೊನೆಗೆ. ಟೈಟೇನಿಯಂ ವೈಟ್‌ಗೆ ಸೂಜಿಮೊನೆಯಷ್ಟು ಓಕರ್. ಬರೀ ಬಿಳಿ ಹಚ್ಚಿದ್ದಕ್ಕೇ ನಿಮಗೆ ಸ್ಟಿಕ್ಕರ್ ಆಗಿದ್ದು, ಅಂಚನ್ನು ಒಂದು ಕಡೆಯಾದರೂ ಒಣ ಬ್ರಷ್‌ನಿಂದ ಸವರಿ ಆಕಾಶಕ್ಕೆ ಕರಗಿಸಿ.


ಬ್ಯಾಟರ್ಸೀ ಕನ್ನಡಿಗ:

ಲಂಡನ್ನಿನಿಂದ ಒಂದು ಮಾತು. ಇಲ್ಲಿ ವಿಸ್ಲರ್ ಅನ್ನುವ ಅಮೆರಿಕದ ಚಿತ್ರಕಾರ 1870ರ ದಶಕದಲ್ಲಿ ಥೇಮ್ಸ್ ನದಿಯ ರಾತ್ರಿಗಳನ್ನು ಬರೆದರು. ನಾಕ್ಟರ್ನ್ ಅಂತ ಹೆಸರಿಟ್ಟರು, ಅದು ರಾತ್ರಿಯ ಭಾವದ ಸಂಗೀತಕ್ಕೆ ಇರುವ ಪದ. ಇಲ್ಲಿನ ಟೇಟ್ ಬ್ರಿಟನ್ ಗ್ಯಾಲರಿಯಲ್ಲಿ ಅವರ ಹಳೇ ಬ್ಯಾಟರ್ಸೀ ಸೇತುವೆಯ ಚಿತ್ರ ನೋಡಿದಾಗ ಹತ್ತಿರ ಹೋದೆ, ಏನೂ ಇಲ್ಲ! ಬಣ್ಣ ನೀರಿನ ಹಾಗೆ ತೆಳ್ಳಗೆ. ಅವರು ಅದನ್ನು ಸಾಸ್ ಅನ್ನುತ್ತಿದ್ದರಂತೆ, ಅಷ್ಟು ತೆಳು ಮಾಡುತ್ತಿದ್ದುದರಿಂದ ಹರಿದುಹೋಗದ ಹಾಗೆ ಕ್ಯಾನ್ವಾಸನ್ನು ನೆಲದ ಮೇಲೆ ಮಲಗಿಸುತ್ತಿದ್ದರು.

ನನಗೆ ಹಿಡಿಸಿದ್ದು ಅವರ ನೋಡುವ ರೀತಿ. ಫೋಟೋ ಇಲ್ಲ, ಸ್ಥಳದಲ್ಲಿ ಬಣ್ಣ ಹಚ್ಚುವುದೂ ಇಲ್ಲ. ನದಿ ಕಡೆ ದಿಟ್ಟಿಸಿ ನೋಡಿ, ಆಮೇಲೆ ಬೆನ್ನು ತಿರುಗಿಸಿ ನಿಂತು ಜೊತೆಗಿದ್ದವರಿಗೆ ಕಂಡದ್ದನ್ನು ಬಾಯಲ್ಲಿ ಹೇಳುತ್ತಿದ್ದರು, ಅಲ್ಲಿ ದೀಪ, ಅದರ ಪಕ್ಕ ಕಪ್ಪು, ಮೇಲೆ ಇಷ್ಟು ಆಕಾಶ, ಹೀಗೆ. ತಪ್ಪಿದರೆ ಜೊತೆಗಿದ್ದವರು ಹೇಳುತ್ತಿದ್ದರು, ಮತ್ತೆ ತಿರುಗಿ ನೋಡುತ್ತಿದ್ದರು. ನೆನಪಿನಲ್ಲಿ ಕೂತದ್ದನ್ನು ಸ್ಟುಡಿಯೋಗೆ ಹೋಗಿ ಬರೆಯುತ್ತಿದ್ದರು. ನೈಟ್ ಮೋಡ್ ಫೋಟೋ ನೋಡಿ ಬರೆಯಬೇಡಿ ಅಂತ ನನ್ನ ವಿನಂತಿ. ಆ ಕ್ಯಾಮೆರಾ ಕೆಲವು ಸೆಕೆಂಡುಗಳ ಬೆಳಕನ್ನು ಕೂಡಿಹಾಕಿ ರಾತ್ರಿಯನ್ನು ಹಗಲು ಮಾಡಿ ಕೊಡುತ್ತದೆ. ಬಂಡೆಯ ಬಿರುಕು ನಿಮಗೆ ಕಂಡದ್ದಲ್ಲ, ಅದಕ್ಕೆ ಕಂಡದ್ದು.


ದಾಸವಾಳ:

ಸರಿಯಾದ ಮಾತು. ಹೊಳೆ ದಂಡೆಗೆ ಹೋದರೆ ಕಡಿಮೆ ಅಂದರೂ ಅರ್ಧ ಗಂಟೆ ಮೊಬೈಲ್ ಹೊರಗೆ ತೆಗೆಯಬೇಡಿ ತಾಯಿ, ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಒಂದು ಸಲ ಸ್ಕ್ರೀನ್ ನೋಡಿದರೆ ಮತ್ತೆ ಮೊದಲಿನಿಂದ.

ಹುಣ್ಣಿಮೆಯ ಹಿಂದಿನ ದಿನವೂ ಹೋಗಿ ನೋಡಿ. ಹುಣ್ಣಿಮೆಯಂದು ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ. ಚತುರ್ದಶಿಯಂದು ಸೂರ್ಯ ಮುಳುಗುವ ಮುಂಚೆಯೇ ಬಂದಿರುತ್ತಾನೆ, ಆಗ ಚಂದ್ರನೂ ಬಂಡೆಯೂ ಎರಡೂ ಕಾಣುವಷ್ಟು ಬೆಳಕಿರುತ್ತದೆ. ಆಕಾರಗಳ ಸ್ಕೆಚ್ ಅವತ್ತು ಮಾಡಿಕೊಳ್ಳಬಹುದು. ಬೆಳಕು ಮಾತ್ರ ಮಾರನೇ ರಾತ್ರಿಯ ನೆನಪಿನಿಂದ.


ಹೊಳೆದಂಡೆ:

ಹತ್ತು ದಿನ ಆದಮೇಲೆ ಬರುತ್ತಿದ್ದೇನೆ. ದೊಡ್ಡ ಕ್ಯಾನ್ವಾಸಿಗೆ ಧೈರ್ಯ ಬರಲಿಲ್ಲ, 8×10 ಇಂಚಿನದ್ದು ಮಾಡಿದೆ. ಸಿಯೆನಾ ಬಳಿದು, ಒರೆಸಿ ಬೆಳಕು ತೆಗೆಯುವ ಹಂತದಲ್ಲೇ ಮೂರು ಸಲ ಅಳಿಸಿದೆ. ನಾಲ್ಕನೇ ಸಲ ಏನೋ ಆಯಿತು ಸರ್. ರೂಮಿಗೆ ಬಂದ ತಂಗಿ ಲೈಟ್ ಹಾಕುತ್ತಾ, "ಇದು ತಳವಾರಘಟ್ಟ ಅಲ್ವಾ?" ಅಂದಳು. ಇನ್ನೂ ಬಂಡೆಯನ್ನೇ ಬರೆದಿರಲಿಲ್ಲ.

ಐವರಿ ಬ್ಲ್ಯಾಕ್ ತೆಳ್ಳಗೆ ಬಳಸಿದೆ, ನೀಲಿ ಒಂದು ಚೂರೂ ಇಲ್ಲ. ಆದರೂ ನೋಡಿದವರೆಲ್ಲ ನೀಲಿ ಅನ್ನುತ್ತಾರೆ!

ಒಂದು ಭಯ ಇದೆ. ಇಷ್ಟು ಕಪ್ಪು ಮಾಡಿದರೆ ಮುಂದೆ ಇನ್ನೂ ಕಪ್ಪಾಗುತ್ತಾ ಹೋಗುವುದಿಲ್ಲವೇ? ಮತ್ತೆ ಹಣತೆಗಳನ್ನು ಬಿಟ್ಟುಬಿಡಲಾ ಇಡಲಾ?


ಅಗಸೆಎಣ್ಣೆ:

ತುಂಬಾ ಖುಷಿಯಾಯಿತು ಮೇಡಂ.

ಕಪ್ಪಾಗುವ ವಿಷಯಕ್ಕೆ ಕುಯಿಂಜಿಯ ಕಥೆ ಹೇಳಲೇಬೇಕು. ಆರ್ಖಿಪ್ ಕುಯಿಂಜಿ ಒಬ್ಬ ಚಿತ್ರಕಾರರು, ಈಗಿನ ಉಕ್ರೇನಿನ ಮರಿಯುಪೋಲ್‌ನಲ್ಲಿ ಹುಟ್ಟಿದವರು. 1880ರಲ್ಲಿ ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿ ನೀಪರ್ ನದಿಯ ಬೆಳದಿಂಗಳ ಚಿತ್ರ ಒಂದನ್ನೇ ಇಟ್ಟು ಪ್ರದರ್ಶನ ಮಾಡಿದರು. ಕಿಟಕಿಗೆಲ್ಲ ಪರದೆ, ಕತ್ತಲ ಕೋಣೆ, ಚಿತ್ರದ ಮೇಲೆ ಮಾತ್ರ ದೀಪದ ಬೆಳಕು. ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ನೋಡಿದರು, ಹಿಂದೆ ಏನಾದರೂ ದೀಪ ಇಟ್ಟಿದ್ದಾರಾ ಅಂತ ಕ್ಯಾನ್ವಾಸಿನ ಹಿಂದಕ್ಕೆ ಇಣುಕಿದವರೂ ಇದ್ದರಂತೆ. ಇಡೀ ಚಿತ್ರ ಕತ್ತಲು. ಸಣ್ಣ ಚಂದ್ರ, ನದಿಯ ಒಂದು ತುಂಡು ಹಸಿರು ಬೆಳಕು, ದಡದ ಗುಡಿಸಲಿನಲ್ಲಿ ಒಂದು ಕೆಂಪು ಮಿಣುಕು. ಆದರೆ ಅವರು ಬಳಸಿದ ಬಣ್ಣಗಳಲ್ಲಿ ಡಾಂಬರಿನ ಜಾತಿಯ ಕಂದು ಇತ್ತು. ಅದು ಪೂರ್ತಿ ಒಣಗುವುದೇ ಇಲ್ಲ, ವರ್ಷ ಹೋದ ಹಾಗೆ ಕಪ್ಪಾಗುತ್ತದೆ. ಈ ಬಣ್ಣ ಉಳಿಯುತ್ತದೋ ಇಲ್ಲವೋ ಅಂತ ಅವರ ಕಾಲದಲ್ಲೇ ಚಿತ್ರಕಾರ ಕ್ರಾಮ್‌ಸ್ಕೊಯ್ ಚಿಂತೆ ಮಾಡಿದ್ದರು. ಕೊಂಡವರು ಅದನ್ನು ಹಡಗಿನಲ್ಲಿ ಜೊತೆಗೆ ಒಯ್ದರು, ಸಮುದ್ರದ ಗಾಳಿಯೂ ತಾಗಿತು. ಅವತ್ತು ಜನ ಕಂಡ ಬೆಳಕು ಈಗ ಅಷ್ಟು ಉಳಿದಿಲ್ಲ.

ನೀವು ಬಳಸುತ್ತಿರುವ ಅಂಬರ್, ಸಿಯೆನಾ, ಐವರಿ ಬ್ಲ್ಯಾಕ್ ಹಾಗೆ ಮಾಡುವುದಿಲ್ಲ, ನೆಮ್ಮದಿಯಾಗಿರಿ. ಎಣ್ಣೆ ಮಾತ್ರ ಸ್ವಲ್ಪ ಹಳದಿಯಾಗುತ್ತದೆ, ಅದರಲ್ಲೂ ಚಿತ್ರವನ್ನು ಬಟ್ಟೆ ಸುತ್ತಿ ಮಂಚದ ಕೆಳಗೆ ಇಟ್ಟರೆ. ಬೆಳಕಿರುವ ಗೋಡೆಗೆ ಕೆಲವು ವಾರ ತೂಗುಹಾಕಿದರೆ ಎಷ್ಟೋ ತಿಳಿಯಾಗುತ್ತದೆ. ಇನ್ನೊಂದು, ಬರೆಯುವ ಜಾಗದಲ್ಲಿ ಬೆಳಕು ಜಾಸ್ತಿ ಇರುತ್ತದೆ, ತೂಗುಹಾಕುವ ಹಾಲ್‌ನಲ್ಲಿ ಕಡಿಮೆ. ಮುಗಿಸುವ ಮುಂಚೆ ಒಂದು ಸಂಜೆ ಹಾಲ್‌ನಲ್ಲಿ ಇಟ್ಟು ನೋಡಿ, ಬಂಡೆ ಮತ್ತು ನೀರು ಬೇರೆ ಬೇರೆಯಾಗಿ ಕಾಣದಿದ್ದರೆ ನೀರನ್ನು ಆ 0–10ರ ಲೆಕ್ಕದಲ್ಲಿ ಅರ್ಧ ಮೆಟ್ಟಿಲು ಮೇಲೆ ತನ್ನಿ.

ಹಣತೆ ಇಡಿ. ನಾಲ್ಕು ಬೇಡ, ಒಂದು. ಓಕರ್‌ಗೆ ಬರ್ನ್ಟ್ ಸಿಯೆನಾ ಸೇರಿಸಿ, ಬಿಳಿ ತಾಗಿಸಬೇಡಿ, ಚಂದ್ರನಿಗಿಂತ ಎರಡು ಮೆಟ್ಟಿಲು ಕೆಳಗಿರಲಿ. ತೆಪ್ಪದ ಅಂಚಿಗೆ ಅದರ ಕೆಂಪು ಒಂದೇ ಒಂದು ಗೆರೆ ತಾಗಿಸಿ ಬಿಟ್ಟುಬಿಡಿ.


ಹೊಳೆದಂಡೆ:

ಆ ಗೆರೆ ತೆಪ್ಪದ ಹೊರ ಅಂಚಿಗಾ, ನೀರಿನ ಕಡೆಗಾ ಸರ್?


ಅಗಸೆಎಣ್ಣೆ:

ಹಣತೆ ದಡದಲ್ಲಿ ಇತ್ತು ಅಂದಿರಲ್ಲ, ಹಾಗಾದರೆ ನಿಮ್ಮ ಕಡೆಯ ಅಂಚಿಗೆ. ನೀರಿನ ಕಡೆಯ ಅಂಚು ಚಂದ್ರನದ್ದು.